ಲ್ವೈಬ್ದೆ ಸವಿನಡಿಗೆಯ ಕೊನೆಯ ಮನೆಗೆ ಹಸಿದು ತಲುಪುವ ಬಗ್ಗೆ

ಸುತ್ತೋಲೆ ಸಂಖ್ಯೆ: ನಡಿಗೆ/ಸವಿ/ಲ್ವೈಬ್ದೆ/೧೭ (ಮೂರನೆಯ ತಿದ್ದುಪಡಿ. ಮೊದಲೆರಡರ ಮೇಲೆ ಎಣ್ಣೆ ಬಿದ್ದಿದೆ.)
ಸ್ಥಳ: ಅಮ್ಮಾನ್
ವಾರ: ಮಂಗಳವಾರ

ವಿಷಯ: ಜಬಲ್ ಲ್ವೈಬ್ದೆ ಬಡಾವಣೆಯ ಸವಿನಡಿಗೆಯಲ್ಲಿ ನಿವಾಸಿಗಳು ನಡೆಸುತ್ತಿರುವ ಅನಧಿಕೃತ ಉಪಚಾರವನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: (ಅ) ಏಳನೆಯ ನಿಲ್ದಾಣವನ್ನು ರದ್ದುಪಡಿಸುವ ಕರಡು ಆದೇಶ.
(ಆ) ಮಾರ್ಗದರ್ಶಿ ಶ್ರೀಮತಿ ರಂದಾ ಹದ್ದಾದೀನ್ ಅವರ ಮೌಖಿಕ ವರದಿ. (ಕೈ ತೊಳೆಯಲು ಸಮಯ ಸಿಗದ ಕಾರಣ ಲಿಖಿತ ವರದಿ ಬಂದಿಲ್ಲ.)
(ಇ) ಫಲಾಫೆಲ್ ವಡೆ ಅಂಗಡಿಯ ಅಬೂ ನಬೀಲ್ ಅವರ ಪತ್ನಿಯ ಮನವಿ.

ಪ್ರಸ್ತಾವನೆ:

ಚಿತ್ರಕಾರರ, ಶಿಲ್ಪಿಗಳ, ಹಳೆಯ ಕಲ್ಲುಮನೆಗಳ ಬಡಾವಣೆಯಾದ ಜಬಲ್ ಲ್ವೈಬ್ದೆಯಲ್ಲಿ ಪ್ರತಿ ಶುಕ್ರವಾರ ಪ್ರವಾಸಿಗರನ್ನು ಏಳು ನಿಲ್ದಾಣಗಳಿಗೆ ನಡೆಸಿಕೊಂಡು ಹೋಗಿ, ಒಂದೊಂದರಲ್ಲಿ ಒಂದೊಂದೇ ತುತ್ತು ಉಣಿಸುವ ಕಾರ್ಯಕ್ರಮವನ್ನು ಪ್ರವಾಸೋದ್ಯಮ ಇಲಾಖೆಯು ನಡೆಸುತ್ತಿರುವುದು ಸರಿಯಷ್ಟೆ. ಕೊನೆಯ ನಿಲ್ದಾಣ ಶ್ರೀಮತಿ ಉಮ್ಮ್ ಘಸ್ಸಾನ್ ಅವರ ಮನೆ. ಬಡಾವಣೆಯ ಕಲಾವಿದರೆಲ್ಲ ಅಲ್ಲಿ ಮಖ್ಲೂಬೆ ಉಂಡೇ ಬೆಳೆದವರು. ಅನ್ನ, ಬದನೆ, ಕೋಳಿಯನ್ನು ಪದರಪದರವಾಗಿ ಬೇಯಿಸಿ, ಉಣ್ಣುವವರ ಕಣ್ಣೆದುರೇ ಪಾತ್ರೆಯನ್ನು ತಟ್ಟೆಗೆ ಮಗುಚುವುದು ಅದರ ಕ್ರಮ.

ಈ ಋತುವಿನಲ್ಲಿ ಸದರಿ ಪಾತ್ರೆ ಒಮ್ಮೆಯೂ ಮಗುಚಿಲ್ಲ. ಅಲ್ಲಿಗೆ ತಲುಪುವ ವೇಳೆಗೆ ಒಬ್ಬ ಪ್ರವಾಸಿಗನಿಗೂ ಹಸಿವು ಉಳಿದಿರುವುದಿಲ್ಲ. ಹಸಿಯದವರ ಮುಂದೆ ಶ್ರೀಮತಿಯವರು ಪಾತ್ರೆ ಮಗುಚುವುದಿಲ್ಲ. ಊಟ ನಡೆಯದ ಮನೆ ನಡಿಗೆಯ ನಕ್ಷೆಯಲ್ಲಿ ಇರತಕ್ಕದ್ದಲ್ಲವೆಂದು ಮೇಲಿನವರು ಅಭಿಪ್ರಾಯಪಟ್ಟಿದ್ದು, ಈ ಶುಕ್ರವಾರವೂ ಪಾತ್ರೆ ಮಗುಚದಿದ್ದಲ್ಲಿ ಅವರ ಹೆಸರನ್ನು ಅಳಿಸಲಾಗುವುದು. ಇದಕ್ಕೆ ಆಸ್ಪದವಾಗದಂತೆ ಈ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿದೆ.

೧. ಬಾಲ್ಕನಿಯು ನಿಲ್ದಾಣವಲ್ಲ. ಹಗ್ಗ ಕಟ್ಟಿ ಬುಟ್ಟಿ ಇಳಿಸುವುದನ್ನು ತರಕಾರಿ ಕೊಳ್ಳುವ ಉದ್ದೇಶಕ್ಕೆ ಮಾತ್ರ ಸೀಮಿತಗೊಳಿಸಲಾಗಿದೆ. ಬುಟ್ಟಿಯಲ್ಲಿ ಬಿಸಿ ರೊಟ್ಟಿ ಇಳಿದುಬಂದಲ್ಲಿ ಪ್ರವಾಸಿಗರು ತಲೆಯೆತ್ತಿ ಧನ್ಯವಾದ ಹೇಳತಕ್ಕದ್ದಲ್ಲ. ಹೇಳಿದವರಿಗೆ ಎರಡನೆಯ ಬುಟ್ಟಿ ಇಳಿದ ನಿದರ್ಶನಗಳಿವೆ.

೨. ತೆಳ್ಳಗಿರುವ ಪ್ರವಾಸಿಗರನ್ನು ಗುಂಪಿನ ನಡುವೆ ಮರೆಮಾಡಿ ನಡೆಸತಕ್ಕದ್ದು. ಅಂಥವರು ಕಣ್ಣಿಗೆ ಬಿದ್ದರೆ ಬೀದಿಯ ತಾಯಂದಿರಿಗೆ ತಡೆಯಲಾಗುವುದಿಲ್ಲ.

೩. ಮೊದಲ ಒತ್ತಾಯವನ್ನು ಸೌಜನ್ಯವೆಂದೂ ಎರಡನೆಯದನ್ನು ಪ್ರೀತಿಯೆಂದೂ ಮೂರನೆಯದನ್ನು ಕರ್ತವ್ಯಕ್ಕೆ ಅಡ್ಡಿಯೆಂದೂ ಪರಿಗಣಿಸಲಾಗುವುದು. ತೋಳು ಹಿಡಿದೆಳೆಯುವುದು, ಬಾಗಿಲಿಗೆ ಅಡ್ಡ ನಿಲ್ಲುವುದು, "ಹಾಗಾದ್ರೆ ನಮ್ಮನೆ ಊಟ ನಿಮಗೆ ಸೇರಲ್ಲ ಅನ್ನಿ" ಎಂದು ಮುಖ ಸಣ್ಣದು ಮಾಡುವುದು ನೇರವಾಗಿ ಮೂರನೆಯ ದರ್ಜೆಗೆ ಸೇರುತ್ತವೆ. ಮುಖ ಎಷ್ಟು ಸಣ್ಣದಾಯಿತೆಂಬ ಬಗ್ಗೆ ಮಾರ್ಗದರ್ಶಿಯ ತೀರ್ಮಾನವೇ ಅಂತಿಮ.

೪. ಅಬೂ ನಬೀಲ್ ಅವರು ಪ್ರತಿಯೊಬ್ಬ ಪ್ರವಾಸಿಗನಿಗೂ "ಇದೊಂದು ವಡೆ ತಿನ್ನದೆ ಹೋದ್ರೆ ನನ್ನ ಹೆಂಡ್ತಿಗೆ ತಲಾಖ್" ಎಂದು ಆಣೆ ಹಾಕುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಈ ಬಗ್ಗೆ ಅವರ ಪತ್ನಿಯ ಹೇಳಿಕೆಯನ್ನು ಅವರ ಮಾತಿನಲ್ಲೇ ದಾಖಲಿಸಲಾಗಿದೆ: "ಸ್ವಾಮಿ, ಪ್ರತಿ ಶುಕ್ರವಾರ ನನ್ನ ಸಂಸಾರ ಯಾವುದೋ ಊರವರ ಬಾಯಲ್ಲಿರೋ ವಡೆ ಮೇಲೆ ನಿಂತಿರುತ್ತೆ. ಅವರು ನಿಧಾನಕ್ಕೆ ಅಗಿದ್ರೆ ನನ್ನ ಎದೆ ಡವಡವ ಅನ್ನುತ್ತೆ. ಆಣೆ ಹಾಕ್ಲೇಬೇಕು ಅಂತಿದ್ರೆ ತಮ್ಮ ಮೀಸೆ ಮೇಲೆ ಹಾಕ್ಕೊಳ್ಲಿ." ಮನವಿಯನ್ನು ಪುರಸ್ಕರಿಸಲಾಗಿದೆ. ಇನ್ನು ಮುಂದೆ ಆಣೆಯು ಮೀಸೆಯ ಮೇಲೆ ಮಾತ್ರ, ಅದೂ ಅರ್ಧ ವಡೆಗೆ ಮೀರದಂತೆ.

೫. ಕಾಫಿ ಬಟ್ಟಲನ್ನು ಅಲ್ಲಾಡಿಸಿದರೆ ಸಾಕೆಂದು ಅರ್ಥ. ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರುತ್ತಾರೆ. ತುಟಿಗೆ ತಾಗಿಸದೆ ಕೆಳಗಿಟ್ಟರೆ, ಅತಿಥಿಗೆ ಆ ಮನೆಯವರಿಂದ ಏನೋ ಆಗಬೇಕಿದೆ, ನಡೆಸಿಕೊಡುವೆನೆಂಬ ಮಾತು ಸಿಗುವವರೆಗೆ ಕುಡಿಯುವುದಿಲ್ಲ ಎಂದರ್ಥ. ಇದು ನಮಗೆ ಗೊತ್ತು, ಪ್ರವಾಸಿಗರಿಗೆ ಗೊತ್ತಿಲ್ಲ. ಐದನೆಯ ನಿಲ್ದಾಣದಲ್ಲಿ, ಅಂದರೆ ಚಿತ್ರಕಾರ ಇಲ್ಯಾಸ್ ಕಾಕಿಶ್ ಅವರ ಮನೆಯಲ್ಲಿ, ಜರ್ಮನಿಯ ದಂತವೈದ್ಯರೊಬ್ಬರು ಹೊಟ್ಟೆಯಲ್ಲಿ ಜಾಗವಿಲ್ಲದೆ ಬಟ್ಟಲನ್ನು ಕೆಳಗಿಟ್ಟರು. ಚಿತ್ರಕಾರರಿಗೆ ಮದುವೆಯಾಗಬೇಕಾದ ಮಗಳಿದ್ದಾಳೆ. "ನಾಚ್ಕೋಬೇಡಿ ಸಾರ್, ಹುಡುಗಿ ಒಳಗಿದ್ದಾಳೆ, ಅವಳನ್ನೂ ಒಂದು ಮಾತು ಕೇಳೋಣ" ಎಂದು ಅವರು ಹುಡುಗಿಯ ಚಿಕ್ಕಪ್ಪಂದಿರಿಗೆ ಹೇಳಿಕಳಿಸಿದರು. ಸಿಹಿಯೂ ಬಂತು. ವೈದ್ಯರು ಎಲ್ಲದಕ್ಕೂ ತಲೆಯಾಡಿಸಿದರು. ಪಕ್ಕದಲ್ಲಿದ್ದ ಅವರ ಪತ್ನಿ ಚಪ್ಪಾಳೆ ತಟ್ಟಿದರು. "ಅಪ್ಪಾ, ಅವರಿಗೆ ಹೊಟ್ಟೆ ತುಂಬಿದೆ ಅಷ್ಟೇ, ಸೋಡಾ ಕೊಡು" ಎಂದು ಮಗಳು ಒಳಗಿನಿಂದಲೇ ಹೇಳಿದ್ದರಿಂದ ಪ್ರಕರಣ ಮುಕ್ತಾಯವಾಯಿತು. ಆದಕಾರಣ, ಕೆಳಗಿಟ್ಟ ಬಟ್ಟಲನ್ನು ಇನ್ನು ಮುಂದೆ ಯಾರೂ ಬೇಡಿಕೆಯೆಂದು ತಿಳಿಯತಕ್ಕದ್ದಲ್ಲ.

೬. ಅಂಗಡಿ ಬಾಲ್ಕನಿಗಳಿಲ್ಲದ ಹಿಂಬದಿಯ ಮೆಟ್ಟಿಲುಗಳಿಂದ ಪ್ರವಾಸಿಗರನ್ನು ಕೊನೆಯ ಮನೆಗೆ ಹತ್ತಿಸುವ ಪ್ರಯೋಗವನ್ನು ಕೈಬಿಡಲಾಗಿದೆ. ಮರುವಾರವೇ ಮೆಟ್ಟಿಲುಗಳ ಮೇಲೆ ಕುರ್ಚಿ, ಮೇಜು, ಹಿಪ್ಪುನೇರಳೆ ಪಾನಕ ಕಂಡುಬಂದವು. ಯಾರು ಇಟ್ಟರೆಂಬುದು ವಿಚಾರಣೆಯಿಂದ ತಿಳಿದುಬಂದಿಲ್ಲ. ಪಾನಕ ಚೆನ್ನಾಗಿತ್ತು.

೭. ಕಳೆದ ಶುಕ್ರವಾರ ಈ ಕೆಳಗೆ ಸಹಿ ಮಾಡಿದ ಮೇಲ್ವಿಚಾರಕ ಮುಂದಿರ್ ಝುಬಿ ಅವರು, ತಾವಂತೂ ಯಾರ ಒತ್ತಾಯಕ್ಕೂ ಸೋಲುವವರಲ್ಲವೆಂಬ ನಂಬಿಕೆಯಿಂದ ಖುದ್ದು ತಪಾಸಣೆ ಕೈಗೊಂಡರು. ಕೊನೆಯ ಮನೆಗೆ ಬೆಲ್ಟು ಸಡಿಲಿಸಿಕೊಂಡು ತಲುಪಿ, "ಒಂದೇ ಒಂದು ಚಮಚ ಕೊಡಿ ಅತ್ತೆ, ರುಚಿ ನೋಡ್ತೀನಿ" ಎಂದರು. ಶ್ರೀಮತಿಯವರ ಉತ್ತರ ಹೀಗಿದೆ: "ನಿಮ್ಮಪ್ಪ ಇದೇ ಮೇಜಲ್ಲಿ ಕೂತು ಎರಡೆರಡು ಸಲ ಬಡಿಸ್ಕೊಂಡು ಉಣ್ತಿದ್ದ ಕಣೋ ಮುಂದಿರ್. ನೀನು ಚಮಚ ಕೇಳ್ತೀಯ. ಚಮಚದಲ್ಲಿ ತಗೊಳ್ಳೋಕೆ ಇದೇನು ಔಷಧೀನಾ? ಹಸ್ಕೊಂಡು ಬಾ, ಮಗುಚ್ತೀನಿ." ಪಾತ್ರೆಗೆ ಬಟ್ಟೆ ಮುಚ್ಚಿ ಒಳಗೆ ಒಯ್ದರು. ಮೇಲ್ವಿಚಾರಕರಿಗೆ ಅಂದಿನಿಂದ ಎದೆಯಲ್ಲಿ ಭಾರವಿದ್ದು, ಅದು ಬರೀ ಅಜೀರ್ಣವಲ್ಲವೆಂದು ಕಡತದಲ್ಲಿ ನಮೂದಿಸಲಾಗಿದೆ.

೮. ಈ ದಿನ ಶ್ರೀಮತಿಯವರು ಕಚೇರಿಗೆ ಆಗಮಿಸಿದರು. ಕಾಫಿ ಕೊಡಲಾಯಿತು. ಅವರು ಬಟ್ಟಲನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟರು. ಕಚೇರಿಯಲ್ಲಿ ಬೆರಳಚ್ಚು ನಿಂತಿತು. ಕಲಂ ೫ ಈ ಕಚೇರಿಗೆ ಅನ್ವಯಿಸುವುದಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಏನಾಗಬೇಕೆಂದು ವಿನಯದಿಂದ ವಿಚಾರಿಸಲಾಗಿ, "ನಕ್ಷೇಲಿ ನನ್ನ ಹೆಸರು ಬಿಟ್ರೆ ಬಿಡಿ, ಅದು ನಿಮ್ಮ ಕಾಗದದ ವ್ಯವಹಾರ. ಶುಕ್ರವಾರ ನನಗೆ ಹಸಿದೋರು ಬೇಕು. ಆಗುತ್ತೆ ಅನ್ನು, ಕುಡೀತೀನಿ" ಎಂದರು. ಈ ಸಾಲು ಬೆರಳಚ್ಚಾಗುವ ವೇಳೆಗೆ ಬಟ್ಟಲು ಅಲ್ಲಿಯೇ ಇದ್ದು, ಆವಿ ನಿಂತಿರುತ್ತದೆ.

೯. ಆದ್ದರಿಂದ ಉಲ್ಲೇಖ (ಅ)ರ ಕರಡನ್ನು ಹಿಂಪಡೆಯಲಾಗಿದೆ. ಶುಕ್ರವಾರದ ನಡಿಗೆಯು ಏಳನೆಯ ನಿಲ್ದಾಣದಿಂದಲೇ ಆರಂಭವಾಗತಕ್ಕದ್ದು. ಉಳಿದ ಆರು ನಿಲ್ದಾಣಗಳವರೂ ಎಲ್ಲ ಬಾಲ್ಕನಿಗಳವರೂ ಅಂದು ಉಮ್ಮ್ ಘಸ್ಸಾನ್ ಅವರ ಅತಿಥಿಗಳೆಂದು ಘೋಷಿಸಲಾಗಿದೆ. ಅತಿಥಿಯಾದವರು ಬೇರೆಯವರಿಗೆ ಉಣಿಸುವಂತಿಲ್ಲ. ಶಾಖೆಯ ಸಮಸ್ತ ಸಿಬ್ಬಂದಿ ಬೆಳಗಿನ ತಿಂಡಿ ಬಿಟ್ಟು ಹಾಜರಾಗತಕ್ಕದ್ದು. ತಿಂದು ಬಂದವರನ್ನು ಗೈರುಹಾಜರೆಂದು ಪರಿಗಣಿಸಲಾಗುವುದು.

ಸಹಿ/-
ಮುಂದಿರ್ ಝುಬಿ
ಮೇಲ್ವಿಚಾರಕರು

ಪ್ರತಿಗಳು:
೧. ಮಾರ್ಗದರ್ಶಿ ಶ್ರೀಮತಿ ರಂದಾ ಹದ್ದಾದೀನ್ ಅವರಿಗೆ, ಪಾಲನೆಗಾಗಿ.
೨. ಅಬೂ ನಬೀಲ್ ಅವರಿಗೆ, ಎಚ್ಚರಿಕೆಗಾಗಿ. ಅವರ ಪತ್ನಿಯವರಿಗೆ, ನೆಮ್ಮದಿಗಾಗಿ.
೩. ಚಿತ್ರಕಾರ ಇಲ್ಯಾಸ್ ಕಾಕಿಶ್ ಅವರಿಗೆ, ಮಗಳ ಮೂಲಕ.
೪. ಎಲ್ಲ ಬಾಲ್ಕನಿಗಳಿಗೆ, ಬುಟ್ಟಿಯ ಮೂಲಕ. ಬುಟ್ಟಿಗಳನ್ನು ಖಾಲಿಯಾಗಿ ಇಳಿಸತಕ್ಕದ್ದು.
೫. ಮೇಲಿನವರಿಗೆ, ಅವಗಾಹನೆಗಾಗಿ. ಹಸಿವಿದ್ದಲ್ಲಿ ಬರಬಹುದು.
೬. ಶ್ರೀಮತಿ ಉಮ್ಮ್ ಘಸ್ಸಾನ್ ಅವರಿಗೆ, ಖುದ್ದಾಗಿ. ಓದಲಿಲ್ಲ, ಸಹಿ ಆಗಿದೆಯೇ ಎಂದಷ್ಟೇ ನೋಡಿದರು. ಬಿಸಿ ಮಾಡಿ ತರುತ್ತೇವೆಂದರೂ ಕೇಳದೆ, ಆರಿದ ಕಾಫಿಯನ್ನೇ ಕುಡಿದರು.