ಶ್ರುತಿ ಚಿಕ್ಕಯ್ಯ ಶಹನಾಯಿ ಕೇಳಿದ್ದು

ಕಾರ್ತಿಕ ಹಿಡಿದು ಎಂಟು ದಿನವಾಗಿತ್ತು. ಹೊಲಗಳಲ್ಲಿ ರಾಗಿ ಕೊಯ್ಲು ಅರ್ಧ ಮುಗಿದಿತ್ತು. ಮದುವೆಗಳು ಇನ್ನೇನು ಶುರುವಾಗಬೇಕು. ವಾಲಗದ ರಾಮಸ್ವಾಮಿ ಜಗಲಿಯ ಮೇಲೆ ಕೂತು ನಾಗಸ್ವರದ ಮೈಗೆ ಎಣ್ಣೆ ಸವರುತ್ತಿದ್ದ. ಪಕ್ಕದಲ್ಲಿ ಚಿಕ್ಕಯ್ಯ ತನ್ನ ಶ್ರುತಿವಾದ್ಯದ ತೂತುಗಳಿಗೆ ಮೇಣ ಒತ್ತುತ್ತಿದ್ದ.

ಚಿಕ್ಕಯ್ಯನ ಕೆಲಸ ಒಂದೇ. ರಾಮಸ್ವಾಮಿಯ ಬೆನ್ನ ಹಿಂದೆ ನಿಂತು ಒಂದೇ ಸ್ವರವನ್ನು ಉಸಿರು ಕಡಿಯದಂತೆ ಊದುವುದು. ಇಪ್ಪತ್ತೆರಡು ವರ್ಷ ಊದಿ ಊದಿ ಅವನ ಕೆನ್ನೆಗಳು ಹಬ್ಬದ ಕಡುಬಿನಂತೆ ಉಬ್ಬಿಕೊಂಡೇ ಇರುತ್ತಿದ್ದವು. ಜನ ತಲೆದೂಗುವುದನ್ನು ಕಂಡಿದ್ದನೇ ಹೊರತು, ಯಾತಕ್ಕೆ ತೂಗುತ್ತಾರೆ ಎಂಬುದು ಅವನಿಗೆ ನೆಟ್ಟಗೆ ಕೇಳಿಸಿದ್ದಿಲ್ಲ. ಕಿವಿ ತುಂಬ ತನ್ನದೇ ಗುಂಯ್‌ಗುಟ್ಟುವಿಕೆ.

"ಯಜಮಾನ್ರೇ, ಇಂದೂರಿಂದ ಶಹನಾಯಿ ಮೇಳ ಮೈಸೂರಿಗೆ ಬಂದದಂತೆ. ತಂಗಿ ಮಗ ಪಾಸ್ ತಂದವ್ನೆ. ಒಂದ್ಸಲ ನಾನೂ ಮುಂದ್ಗಡೆ ಕೂತ್ಕಂಡು ಕೇಳ್ಬುಡ್ತೀನಿ."

ರಾಮಸ್ವಾಮಿ ಎಣ್ಣೆಬಟ್ಟೆ ಕೆಳಗಿಟ್ಟ. "ಸಂಜೆ ಗುಡಿ ಪೂಜೆಗೆ ನಾನೊಬ್ನೇ ಊದ್ಬೇಕಲ್ಲೋ! ಹೋಗು. ಆದ್ರೆ ಇದು ನಿನ್ ಮ್ಯಾಲೆ ಸಾಲ. ಆ ಪುಣ್ಯಾತ್ಮ ಎಂಗೆ ನುಡಿಸ್ದ ಅಂತ ನಂಗೆ ತಂದು ಕೇಳಿಸ್ಬೇಕು. ಬಾಯಲ್ಲಾದ್ರೂ ಸರಿ."

ಮೈಸೂರಿನ ಉದಯಗಿರಿಯಲ್ಲಿ ಆಟೊ ಇಟ್ಟುಕೊಂಡಿದ್ದ ತಂಗಿಯ ಮಗ ಶಿವಶಂಕರ, ಮಾವನನ್ನು ಬಸ್‌ಸ್ಟ್ಯಾಂಡಿನಿಂದ ಕರೆದೊಯ್ಯುವಾಗ ಸೀಟಿನಡಿಯಿಂದ ಟೇಪ್ ರೆಕಾರ್ಡರ್ ಎತ್ತಿ ತೋರಿಸಿದ. "ಬಾಯಲ್ಯಾಕೆ ಮಾವ, ಕ್ಯಾಸೆಟ್ನಲ್ಲೇ ತಗಂಡೋಗಿ ಕೇಳ್ಸು."

ಸಭಾಂಗಣದಲ್ಲಿ ಎರಡನೇ ಸಾಲು. ಎಡಕ್ಕೆ ಶಿವಶಂಕರ, ಬಲಕ್ಕೆ ಸರಸ್ವತಿಪುರಂನ ಅನಂತಪದ್ಮನಾಭ ಎಂಬ ನಿವೃತ್ತ ಮೇಷ್ಟ್ರು. ರಾಗ ಬರುವ ಮೊದಲೇ ತಾಳ ಹಾಕಲು ತೊಡೆ ಸಿದ್ಧಮಾಡಿಕೊಂಡು ಕೂತಿದ್ದರು.

ಬಿಳಿಜುಬ್ಬದ ಪಂಡಿತರು ಶಹನಾಯಿಯನ್ನು ಕಣ್ಣಿಗೊತ್ತಿಕೊಂಡು ಮೊದಲ ಸ್ವರ ಎಳೆದರು. ಬೆಳಗಿನ ಜಾವ ಕೆರೆಯ ಮೇಲಿಂದ ಮಂಜು ಏಳುವಂತೆ ಅದು ಎದ್ದಿತು. ಎಲ್ಲಿಂದ ಎದ್ದಿತೋ ತಿಳಿಯಲಿಲ್ಲ. ನೋಡುವಷ್ಟರಲ್ಲಿ ಸಭೆಯನ್ನೆಲ್ಲ ಮುಚ್ಚಿತ್ತು. ಚಿಕ್ಕಯ್ಯನ ಮೈ ಜುಮ್ಮೆಂದಿತು. ಇಷ್ಟು ವರ್ಷ ಚಪ್ಪರದ ಕಂಬವಾಗಿ ನಿಂತವನಿಗೆ, ಮೇಲೆ ಬಳ್ಳಿ ಹೂ ಬಿಟ್ಟಿದ್ದು ಇವತ್ತು ಕಂಡಿತ್ತು. ಅವನಿಗರಿವಿಲ್ಲದೆ ಕೆನ್ನೆ ಉಬ್ಬಿ, ಗಂಟಲಿನಿಂದ ಶ್ರುತಿ ಹೊರಟಿತು.

"ರೀ, ಏನ್ರೀ ಅದು, ಬೋರ್‌ವೆಲ್ ಮೋಟರ್ ಥರ?" ಎಂದರು ಅನಂತಪದ್ಮನಾಭ.

"ತಪ್ಪಾಯ್ತು ಬುದ್ಧಿ, ಅಭ್ಯಾಸ."

ಬಾಯಿ ಮುಚ್ಚಿದ, ಶ್ರುತಿ ಮೂಗಿನಿಂದ ಬಂತು. ಟವೆಲು ತುರುಕಿಕೊಂಡ, ಕುರ್ಚಿಯೇ ಗುಂಯ್‌ಗುಟ್ಟಿತು. ಮುಂದಿನ ಸಾಲಿನವರೂ ತಿರುಗಿ ದುರುಗುಟ್ಟಿದರು.

ಅಷ್ಟರಲ್ಲಿ ವೇದಿಕೆಯಲ್ಲಿ, ಪಂಡಿತರ ಹಿಂದೆ ಕೂತು ಶ್ರುತಿ ಊದುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ಎದ್ದ. ಮಧ್ಯಾಹ್ನ ಮೈಸೂರಿನ ಮೆಣಸಿನಕಾಯಿ ಬಜ್ಜಿ ಎಂಟು ತಿಂದಿದ್ದನಂತೆ. ಎದ್ದವನು ನಿಲ್ಲಲಿಲ್ಲ, ಓಡಿದ. ವಾದನ ನಿಂತಿತು. ವ್ಯವಸ್ಥಾಪಕರು ಬೆವರುತ್ತ ಮೈಕಿಗೆ ಬಂದು, ಪಂಡಿತರಿಗೆ ಶ್ರುತಿಪೆಟ್ಟಿಗೆ ಒಗ್ಗುವುದಿಲ್ಲ, ಉಸಿರಿನ ಶ್ರುತಿಯೇ ಆಗಬೇಕು, ಕಚೇರಿ ನಿಲ್ಲಿಸಬೇಕಾಗಬಹುದು ಎಂದರು.

ಅನಂತಪದ್ಮನಾಭ ಎದ್ದುನಿಂತರು. "ಸ್ವಾಮಿ, ಇಲ್ಲೊಬ್ರು ಆಗ್ಲಿಂದ ಶ್ರುತಿ ಹಿಡ್ಕೊಂಡೇ ಕೂತಿದ್ದಾರೆ. ಬೇಡ ಅಂದ್ರೂ ಬಿಡ್ತಿಲ್ಲ!"

"ನಮ್ಮಾವ ಸಾರ್! ಇಪ್ಪತ್ತೆರಡು ವರ್ಷ ಸರ್ವಿಸ್!" ಎಂದು ಶಿವಶಂಕರ ಕೂಗಿದ.

"ಬ್ಯಾಡ ಕಣೋ, ನಾನು ಕೇಳಕ್ಕೆ ಬಂದಿರೋದು ಕಣೋ..."

ಆದರೆ ವೇದಿಕೆಯಿಂದ ಪಂಡಿತರೇ ಅವನತ್ತ ಕೈಮುಗಿದರು. ಅಂಥ ಕೈ ಮುಗಿದ ಮೇಲೆ ಕೂತೇ ಇರುವುದು ಹೇಗೆ? ಚಿಕ್ಕಯ್ಯ ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ನಮಸ್ಕರಿಸಿ ಹತ್ತಿದ. ಅವರ ಬೆನ್ನ ಹಿಂದೆ ಕೂತು, ಓಡಿದವನು ಬಿಟ್ಟುಹೋದ ಶ್ರುತಿ ಎತ್ತಿಕೊಂಡು ಊದತೊಡಗಿದ.

ಒಂದೂವರೆ ಗಂಟೆ. ಪಂಡಿತರ ಜುಬ್ಬ ಬೆವರಿಗೆ ಅಂಟಿಕೊಂಡಿದ್ದು ಕಾಣುತ್ತಿತ್ತು, ಭುಜ ನಡುಗುತ್ತಿತ್ತು. ಎದುರಿಗೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅನಂತಪದ್ಮನಾಭರು ತಾಳ ಮರೆತು ಬಾಯಿ ತೆರೆದೇ ಕೂತಿದ್ದರು. ಏನೋ ದೊಡ್ಡದು ನಡೆಯುತ್ತಿತ್ತು. ಚಿಕ್ಕಯ್ಯನ ಕಿವಿಯಲ್ಲಿ ಮಾತ್ರ ಗುಂಯ್.

ಮುಗಿದ ಮೇಲೆ ಶಾಲು ಹೊದಿಸಿದರು. ಅನಂತಪದ್ಮನಾಭರು ಬಂದು ಕೈ ಹಿಡಿದುಕೊಂಡರು. "ಪುಣ್ಯವಂತರು ಕಣ್ರೀ ನೀವು. ಅಷ್ಟು ಹತ್ತಿರದಿಂದ ಕೇಳಿದ್ರಲ್ಲ!"

ಚಿಕ್ಕಯ್ಯ ಜೇಬು ಮುಟ್ಟಿ ನೋಡಿಕೊಂಡ. ಅಲ್ಲಿ ಶಿವಶಂಕರ ಕೊಟ್ಟ ಕ್ಯಾಸೆಟ್ ಇತ್ತು. ಊರಿಗೆ ಹೋಗಿ ಕಣ್ಣುಮುಚ್ಚಿ ಕೇಳಿದರಾಯಿತು. ಯಜಮಾನರ ಸಾಲವೂ ತೀರಿತು.

ಮರುದಿನ ರಾಮಸ್ವಾಮಿಯ ಜಗಲಿಯಲ್ಲಿ ಪಕ್ಕದ ಮನೆಯ ಟೇಪ್ ರೆಕಾರ್ಡರ್ ತಂದಿಟ್ಟರು. ಅಕ್ಕಪಕ್ಕದವರೂ ಕೂಡಿದರು. ರಾಮಸ್ವಾಮಿ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು ಕೂತ.

ಗುಂಯ್ಯ್ಯ್.

"ಶುರು ಕಣ್ರೀ, ಇನ್ನು ಮುಂದೆ ಬರ್ತದೆ," ಎಂದ ಚಿಕ್ಕಯ್ಯ.

ಅರ್ಧ ಗಂಟೆ ಕಳೆಯಿತು. ಗುಂಯ್. ಕ್ಯಾಸೆಟ್ ಮಗುಚಿದರು. ಗುಂಯ್. ಒಬ್ಬೊಬ್ಬರಾಗಿ ಎದ್ದು ರಾಗಿ ಹೊಲಕ್ಕೆ ಹೋದರು. ರಾಮಸ್ವಾಮಿ ಕ್ಯಾಸೆಟ್ಟಿನ ಡಬ್ಬಿ ತೆಗೆದು, ಶಿವಶಂಕರನ ಗುಂಡು ಅಕ್ಷರಗಳನ್ನು ಓದಿದ: "ಮಾವನ ಕಚೇರಿ. ಮೊದಲು ಹಿಡಿದಿದ್ದನ್ನು ಅಳಿಸಿ, ವೇದಿಕೆ ಮೇಲೆ ಮಾವನ ಪಕ್ಕದಲ್ಲೇ ಇಟ್ಟು ಹಿಡಿದದ್ದು."

ರಾಮಸ್ವಾಮಿ ಡಬ್ಬಿ ಮುಚ್ಚಿದ. "ಹೋಗ್ಲಿ, ಬಾಯಲ್ಲೇ ಹೇಳು. ಎಂಗಿದ್ರು ಅವ್ರು?"

ಚಿಕ್ಕಯ್ಯ ಕೆನ್ನೆ ಕೆರೆದುಕೊಂಡ.

"ಬೆನ್ನು ನೋಡ್ದೆ ಯಜಮಾನ್ರೇ. ನಿಮ್ಮದಕ್ಕಿಂತ ಒಂಚೂರು ಅಗಲ."

"ಸಾಲ ಅಂಗೇ ಇರ್ಲಿ," ಎಂದು ರಾಮಸ್ವಾಮಿ ನಾಗಸ್ವರ ಎತ್ತಿಕೊಂಡ. "ಏಳು, ಗುಡಿಗೆ ಹೊತ್ತಾಯ್ತು."

ಚಿಕ್ಕಯ್ಯ ಶಾಲು ಮಡಿಸಿ ಗೂಟಕ್ಕೆ ಹಾಕಿ, ಕೆನ್ನೆ ಉಬ್ಬಿಸಿಕೊಂಡು ಹಿಂದೆ ನಡೆದ.