ಒಲ್ಲೆ ಅನ್ನುವವರು ಒಬ್ಬರಾದರೂ ಬೇಕು

ಎಥಿಕ್ಸ್ ಕಮಿಟಿ ಎಂದರೆ ಗಂಭೀರ ಮಂದಿ ಮುಖ ಗಂಟಿಕ್ಕಿಕೊಂಡು ಕೂರುವ ಜಾಗ ಎಂದು ತಿಳಿದವರಿದ್ದಾರೆ. ನಾವು ಕೂರುವುದೇನೋ ಹಾಗೆಯೇ. ಏಳುವುದು ಮಾತ್ರ ಹೊಟ್ಟೆ ಹಿಡಿದುಕೊಂಡು.

ನರ್ಸಿಂಗ್ ಓದುವ ನಮ್ಮ ಮಕ್ಕಳು ಊರೂರಿಗೆ ಹೋಗಿ ಸಂಶೋಧನೆ ಮಾಡಬೇಕಾದರೆ, ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಈ ಕಮಿಟಿ ಮೊದಲು ಒಪ್ಪಬೇಕು. ನಾನು ಕಾರ್ಯದರ್ಶಿ. ಅಧ್ಯಕ್ಷರು ಮುದ್ದೇಬಿಹಾಳದ ಹಳೆಯ ವಕೀಲರು, ಮೊಸರಲ್ಲಿ ಕಲ್ಲು ಹುಡುಕುವವರು.

ಈ ಸಲ ಬಂದವಳು ತಾಂಬಾದ ಹುಡುಗಿ. ಅವಳ ಅವ್ವ ತೋಟದಲ್ಲಿ ನಿಂಬೆಹಣ್ಣು ಕೀಳುವಾಕೆ. ಹೀಗೆ ದುಡಿಯುವ ಹೆಂಗಸರ ಕೈಗೆ ಆಗುವ ಗಾಯಗಳ ಬಗ್ಗೆಯೇ ಹುಡುಗಿಯ ಸಂಶೋಧನೆ. ಬೇಸಿಗೆಯ ನಿಂಬೆ ಕೊಯ್ಲು ಮುಗಿಯುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಅವಳ ಒಂದು ವರ್ಷ ಹೋದಂತೆಯೇ. ಅವಳಿಗಿಂತ ನನಗೇ ಹೆಚ್ಚು ಚಿಂತೆ.

ಬೀಗರ ಕಾಗದ

ಬಸವನ ಬಾಗೇವಾಡಿಯ ಒಂದು ಆಸ್ಪತ್ರೆಗೆ ಬರುವ ಹೆಂಗಸರನ್ನು ಅವಳು ಮಾತಾಡಿಸಬೇಕಿತ್ತು. ಅಲ್ಲಿಯ ಡಾಕ್ಟರು, "ಮೊದಲ ಕಮಿಟಿ ಒಪ್ಪಿಗಿ ತಗೊಂಡ ಬಾ ತಂಗಿ" ಎಂದರು. ನಮ್ಮ ಅಧ್ಯಕ್ಷರು, "ಮೊದಲ ಆಸ್ಪತ್ರಿ ಒಪ್ಪಿಗಿ ತಾರವಾ" ಎಂದರು. ಬಸ್ಸಿನಲ್ಲಿ ಓಡಾಡಿ ಹುಡುಗಿ ಸಣ್ಣಗಾದಳು.

ಕೊನೆಗೆ ಅವಳೇ ಹೇಳಿದಳು: "ಸರ್, ನಮ್ಮಕ್ಕನ ನಿಶ್ಚಯದಾಗೂ ಹಿಂಗ ಆಗಿತ್ತರಿ. ಮೊದಲ ಅವರು ಹೂಂ ಅನ್ನಲಿ ಅಂತ ಎರಡೂ ಕಡಿಯವರು ಕುಂತಬಿಟ್ಟಿದ್ರು. ಕಡೀಕ ಎಲಿ-ಅಡಿಕಿ ಒಮ್ಮೆಲೇ ಬದಲಿ ಮಾಡಿಸಿದ್ರು."

ವಕೀಲರಿಗೆ ಇದು ಹಿಡಿಸಿತು. ಡಾಕ್ಟರನ್ನು ಕಾಲೇಜಿಗೆ ಕರೆಸಿ, ಮೇಜಿನ ಆಚೀಚೆ ಕೂತು, ಎರಡೂ ಕಾಗದಗಳನ್ನು ಒಟ್ಟಿಗೇ ಕೈ ಬದಲಾಯಿಸಿದರು; ನಮ್ಮ ಒಪ್ಪಿಗೆ ಆ ಆಸ್ಪತ್ರೆಯ ಮಟ್ಟಿಗೆ ಮಾತ್ರ. ಡಾಕ್ಟರು ಪೇಡೆಯ ಡಬ್ಬಿಯನ್ನೂ ತಂದಿದ್ದರು. "ಮುಹೂರ್ತ ಯಾವಾಗ್ರಿ?" ಎಂದು ಕೇಳಿದರು.

ಅಧ್ಯಕ್ಷರು ನಗಲಿಲ್ಲ. "ಹುಡುಗಿ ಕಡಿಯವರು ಇನ್ನ ಎರಡ ಊರು ನೋಡೂದೈತ್ರಿ."

ಮುಚ್ಚಿಟ್ಟ ಹೆಸರು

ಒಂದನೆಯ ಊರು ಸಿಂದಗಿ ತಾಲೂಕಿನ ದೇವಣಗಾಂವ. ಅಲ್ಲಿ ಹತ್ತಿ ಬಿಡಿಸುವ ಹೆಂಗಸರಿಗೆ ಒಪ್ಪಿಗೆ ಪತ್ರ ತಿಳಿಯುತ್ತದೋ ಇಲ್ಲವೋ ಓದಿ ನೋಡಲು ಅಧ್ಯಕ್ಷರು ನಮ್ಮನ್ನು ಕಳಿಸಿದರು. "ನಿಮ್ಮ ಹೆಸರನ್ನು ಗುಟ್ಟಾಗಿ ಇಡುತ್ತೇವೆ" ಎಂದು ಹುಡುಗಿ ಓದಿದ್ದೇ ತಡ, ಒಬ್ಬಾಕೆ ಸಿಟ್ಟಾದಳು.

"ನಮ್ಮ ಹೆಸರ ಯಾಕ ಮುಚ್ಚಿಡ್ತಿ? ನಾವೇನ ಕಳುವು ಮಾಡೇವೇನು?"

ನಾನು ಸಮಾಧಾನ ಮಾಡಿದೆ. ನಿಜವಾದ ಹೆಸರು ಬೇಡ, ನಿಮಗೆ ಇಷ್ಟವಾದ ಬೇರೆ ಹೆಸರು ಹೇಳಿ ಎಂದೆ. ಎಲ್ಲರೂ ತಡಮಾಡದೆ ಒಂದೊಂದು ಹೆಸರು ಬರೆಸಿದರು. ಎಲ್ಲಾ ಹಳೆಯ ಕಾಲದವು. ಅನುಮಾನ ಬಂದು ಕೇಳಿದರೆ, ಒಬ್ಬೊಬ್ಬರೂ ಬರೆಸಿದ್ದು ಅವರವರ ಅತ್ತೆಯ ಹೆಸರು!

"ಯಾಕ್ರವಾ ಹಿಂಗ?" ಎಂದೆ.

"ಈ ನೆವದಿಂದಾರ ಆಕಿ ಒಂದಿನ ಹೊಲದಾಗ ದುಡೀಲಿ ಬಿಡ್ರಿ."

ಒಲ್ಲೆ

ಉಳಿದದ್ದು ಇಂಡಿ ಕಡೆಯ ನಿಂಬೆ ತೋಟ, ಹುಡುಗಿಯ ಅವ್ವ ದುಡಿಯುವ ಜಾಗ. ಇಲ್ಲಿಗೆ ಅಧ್ಯಕ್ಷರೇ ಹೊರಟರು. "ಊರ ಮಗಳು. ಆಕಿ ಮಾರಿ ನೋಡಿ ಎಲ್ಲಾರೂ ಹೂಂ ಅಂತಾರ. ಅದು ಒಪ್ಪಿಗಿ ಅಲ್ಲ, ಮುಲಾಜು" ಎಂದರು. ಕೊಯ್ಲು ಆಗಲೇ ಅರ್ಧ ಆಗಿತ್ತು.

ನಾನು ಪತ್ರ ಓದಿದೆ. ಮನಸ್ಸಿಲ್ಲದಿದ್ದರೆ ಒಲ್ಲೆ ಎನ್ನಬಹುದು, ಕಾರಣ ಹೇಳಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ಹೆಂಗಸರು ಎಲ್ಲದಕ್ಕೂ "ಹೂಂ" ಎಂದರು.

"ನೋಡಿದ್ರೇನು?" ಎಂದು ನನಗೆ ಹೇಳಿ ಅಧ್ಯಕ್ಷರು ಅವರ ಕಡೆ ತಿರುಗಿದರು. "ಒಲ್ಲೆ ಅನ್ನಾವರು ಒಬ್ಬರರ ಇರಬೇಕು. ಇಲ್ಲಾಂದ್ರ ನಿಮಗ ತಿಳದೈತಿ ಅಂತ ನಾ ಸಹಿ ಹಾಕಂಗಿಲ್ಲ."

ಹುಡುಗಿಯ ಮುಖ ಬಾಡಿತು. ಹೆಂಗಸರು ಗಿಡದ ಕೆಳಗೆ ಗುಂಪಾಗಿ ಗುಸುಗುಸು ಮಾಡಿದರು. ಅವರಲ್ಲಿ ಹಿರಿಯಾಕೆ ಎದ್ದು ನಿಂತಳು.

"ಒಲ್ಲೆವ್ರಿ ಸಾಹೇಬ್ರ."

"ಯಾರು?"

"ಎಲ್ಲಾರೂ."

"ಅವ್ವಾ, ನೀನೂನಾ?" ಗುಂಪಿನಲ್ಲಿದ್ದ ಅವ್ವನ ಕಡೆ ತಿರುಗಿದ ಹುಡುಗಿಗೆ ಅಳು ಬರುವುದೊಂದು ಬಾಕಿ.

"ಸುಮ್ಮನಿರ. ಒಬ್ಬಾಕಿ ಒಲ್ಲೆ ಅಂದ್ರ ಸಹಿ ಅಂದಾರ. ಎಲ್ಲಾರೂ ಅಂದ್ರ ಇನ್ನೂ ಗಟ್ಟಿ" ಎಂದಳು ಅವ್ವ.

ಅಧ್ಯಕ್ಷರು ತಲೆ ಮೇಲೆ ಕೈ ಇಟ್ಟುಕೊಂಡರು. "ಹಂಗಾರ ಈಕಿಗೆ ಕೈ ತೋರಸಂಗಿಲ್ಲೇನು?"

"ತೋರಸ್ತೇವ್ರಿ" ಎಂದಳು ಹಿರಿಯಾಕೆ. "ಮೊದಲನೇ ಸಲ ಒಲ್ಲೆ ಅನ್ನೂದು ಮರ್ಯಾದಿ. ನೀವು ಇನ್ನೊಮ್ಮೆ ಕೇಳಬೇಕಲ್ರಿ?"

ಇನ್ನೊಮ್ಮೆ ಕೇಳಿದರು. ಎಲ್ಲರೂ ಹೂಂ ಎಂದರು. ಹಿಂದೆ ಕೂತಿದ್ದ ಒಬ್ಬಳು ಮಾತ್ರ, "ನಾ ಖರೇನ ಒಲ್ಲೆರಿ. ನನಗ ಸೂಜಿ ಹಿಡಿಯೋರನ್ನ ಕಂಡ್ರ ಅಂಜಿಕಿ" ಎಂದಳು.

"ಇದು ಒಲ್ಲೆ!" ಎಂದು ಅಧ್ಯಕ್ಷರು ಕುಣಿಯುವುದೊಂದು ಬಾಕಿ. ಬುಟ್ಟಿ ಬೋರಲು ಹಾಕಿ ಅದರ ಮೇಲೆಯೇ ಸಹಿ ಮಾಡಿದರು. ಹುಡುಗಿ ಆಗಲೇ ಅವ್ವನ ಅಂಗೈ ಹಿಡಿದು ನೋಡುತ್ತಿದ್ದಳು.

ಹಿರಿಯಾಕೆ ನಿಂಬೆ ಶರಬತ್ತು ತಂದಳು. ಒಪ್ಪಿಗೆ ಕೇಳಲು ಹೋದ ಕಡೆ ಕಮಿಟಿಯವರು ಏನೂ ತಿಂದು ಕುಡಿಯುವಂತಿಲ್ಲ, ಅದು ನಿಯಮ. ಅಧ್ಯಕ್ಷರು ಕೈ ಅಡ್ಡ ಹಿಡಿದು, "ಒಲ್ಲೆವಾ. ಒಲ್ಲೆ ಅಂದವರಿಗೆ ಕಾರಣ ಕೇಳಬಾರದು, ಈಗಷ್ಟ ಓದೇವಿ" ಎಂದರು.

ಅವಳು ಲೋಟವನ್ನು ಅವರ ಕೈಯಲ್ಲೇ ಇಟ್ಟಳು.

"ಕಾರಣ ಯಾರು ಕೇಳಾಕತ್ತಾರ್ರಿ? ಕುಡೀರಿ ಅನ್ನಾಕತ್ತೇನಿ."