ಮೂಗಿನ ಅಳತೆಯ ಶರಬತ್ತು

ಉಪ್ಪಿನಕಾಯಿ ಹಾಕುವವಳು ಅದನ್ನು ನಾಲಿಗೆಗೆ ಇಟ್ಟು ನೋಡಬಾರದು. ಎಂಜಲು ತಾಕಿದ ಜಾಡಿ ತಿಂಗಳು ತುಂಬುವುದರೊಳಗೆ ಬೂಷ್ಟು ಹಿಡಿಯುತ್ತದೆ. ಹಾಗಾದರೆ ಉಪ್ಪು ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಜಾಡಿಯ ಬಾಯಿಗೆ ಮೂಗು ಕೊಟ್ಟು, ಕಣ್ಣು ಮುಚ್ಚಿ, ಒಂದು ಸಲ ಉಸಿರು ಎಳೆದರೆ ಉಪ್ಪು, ಹುಳಿ, ಖಾರ ಮೂರೂ ತಮ್ಮ ತಮ್ಮ ಸಂಗತಿ ತಾವೇ ಹೇಳಬೇಕು. ನಮ್ಮವ್ವ ಹೀಗೇ ನೋಡುತ್ತಿದ್ದಳು, ನಾನೂ ಹೀಗೇ ನೋಡುತ್ತೇನೆ. ಇನ್ನೊಂದು ಕಟ್ಟಳೆ ಬಾಗಿಲಿನದು. ಜಾಡಿ ತುಂಬಿ ಮುಗಿಯುವ ತನಕ ಅಡುಗೆಮನೆಗೆ ಚಿಲಕ ಬಿದ್ದಿರಬೇಕು, ಕಿಟಕಿ ಮುಚ್ಚಿರಬೇಕು. ಕಂಡವರ ಕಣ್ಣು ಬಿದ್ದರೆ ಮಾವಿನ ಮಿಡಿಯೂ ಮುನಿಸಿಕೊಳ್ಳುತ್ತದೆ. ಬಂಡಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಈ ಎರಡು ಕಟ್ಟಳೆಯಲ್ಲೇ ನಾನು ಹೆಸರು ತೆಗೆದುಕೊಂಡವಳು. ಓದು ಅಂದರೆ ನನಗೆ ಅಕ್ಷರ ಕೂಡಿಸಿಕೊಂಡು ಬಸ್ಸಿನ ಬೋರ್ಡು ನೋಡುವಷ್ಟು ಬರುತ್ತದೆ. ಮೂಗು ಗಟ್ಟಿ ಇದ್ದವಳಿಗೆ ಅಷ್ಟು ಸಾಕು ಅಂದುಕೊಂಡಿದ್ದೆ.

ನನ್ನ ಮೂಗಿಗೆ ಎದುರು ನಿಂತವಳು ಒಬ್ಬಳೇ, ನನ್ನ ಗಂಡನ ತಂಗಿ ಪುಟ್ಟತಾಯಿ. ಯಳಂದೂರಿನ ಕಡೆಗೆ ಕೊಟ್ಟಿದ್ದೆವು. ಗಂಡ ತೀರಿಕೊಂಡ ಮೇಲೆ ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ ಬಂದಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಅವಳಿಗೆ ದಮ್ಮು. ಸೊಂಟದ ಚೀಲದಲ್ಲಿ ಎಲೆ ಅಡಿಕೆಯ ಜೊತೆ ಉಸಿರು ಎಳೆಯುವ ಪಂಪು ಇಟ್ಟುಕೊಂಡಿರುತ್ತಾಳೆ. ಈರುಳ್ಳಿ ಹೆಚ್ಚು ಅಂದರೆ ದಮ್ಮು, ಒಲೆ ಊದು ಅಂದರೆ ದಮ್ಮು, ರಾಗಿ ಕೇರು ಅಂದರೆ ದಮ್ಮು. ಎದುರುಮನೆಯವರ ಜಗಳ ನೋಡಲು ಓಡುವಾಗ ಮಾತ್ರ ದಮ್ಮು ಅಡ್ಡ ಬಂದದ್ದನ್ನು ನಾನು ಕಂಡಿಲ್ಲ. ಇಷ್ಟರ ಮೇಲೆ ನನ್ನ ಉಪ್ಪಿನಕಾಯಿ ತಟ್ಟೆಗೆ ಬಿದ್ದರೆ, ತಿನ್ನುವ ಮೊದಲೇ ಮೂಸಿ, "ಅತ್ಗೆ, ಉಪ್ಪು ಒಂಚೂರು ಕಮ್ಮಿ ಆಗದೆ ಕಣಕ್ಕ" ಅನ್ನುತ್ತಾಳೆ. ಉಣ್ಣುವ ಕೈಗೆ ಸೌಟಿನಲ್ಲಿ ಒಂದು ಬಿಡಬೇಕು ಅನ್ನಿಸುತ್ತದೆ. ಬಿಟ್ಟಿಲ್ಲ.

ನಮ್ಮ ಹೆಂಗಸರ ಸಂಘದಿಂದ ಬೇಸಿಗೆಯಲ್ಲಿ ನಿಂಬೆ ಶರಬತ್ತು ಮಾಡಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ಜನಕ್ಕೆ ರಸ್ತೆ ಬದಿಯ ಅಂಗಡಿಗಳಲ್ಲಿ ಮಾರಿಸುತ್ತೇವೆ. ಹೋದ ಬೇಸಿಗೆಯಲ್ಲಿ ಬಾಟಲಿಗಳು ಬಿಸಿಲಿಗೆ ಹುಳಿತು, ಮುಚ್ಚಳ ಹಾರಿಸಿಕೊಂಡವು. ಒಂದು ಬಾಟಲಿ ಹನೂರಿನ ಬಸ್ಸಿನಲ್ಲಿ ಸಿಡಿದು, ಬಿಳಿ ಬಟ್ಟೆಯ ಯಜಮಾನರೊಬ್ಬರು ಬೆಟ್ಟ ಹತ್ತುವ ಮೊದಲೇ ಅಭಿಷೇಕ ಮಾಡಿಸಿಕೊಂಡರು. ಅದಕ್ಕೇ ಈ ಸಲ ನಮ್ಮನ್ನೆಲ್ಲ ಕೊಳ್ಳೇಗಾಲಕ್ಕೆ ಕರೆಸಿ ಟ್ರೈನಿಂಗ್ ಕೊಟ್ಟರು. ಕಲಿಸಿದ ಮೇಡಮ್ಮು ಚಿಕ್ಕ ವಯಸ್ಸಿನವರು. ಒಂದು ಪೊಟ್ಟಣ ಬಿಳಿ ಪುಡಿ ತೋರಿಸಿ, "ಇದರ ಹೆಸರು ಕೆ.ಎಂ.ಎಸ್. ಅಮ್ಮಾ, ಗಂಧಕದ ಜಾತಿಯದು, ಶರಬತ್ತು ಕೆಡದ ಹಾಗೆ ಕಾಯುತ್ತೆ" ಅಂದರು. ಆಮೇಲೆ ಶುರುವಾಯಿತು ನೋಡಿ. ತಕ್ಕಡಿಯಲ್ಲಿ ತೂಗಬೇಕಂತೆ, ಕೈ ಅಳತೆ ಕೂಡದಂತೆ. ಪಾಕ ಪೂರಾ ಆರಿದ ಮೇಲೆ, ಸ್ವಲ್ಪ ನೀರಿನಲ್ಲಿ ಕರಗಿಸಿ, ಕಡೆಯಲ್ಲಿ ಬೆರೆಸಬೇಕಂತೆ. ಒದ್ದೆ ಚಮಚ ಅದ್ದಬಾರದು, ಹುಳಿ ಪದಾರ್ಥದ ಪಕ್ಕ ಇಡಬಾರದು. "ಹುಳಿ ಮುಟ್ಟಿದ್ರೆ ಇದು ಗ್ಯಾಸ್ ಬಿಡುತ್ತೆ, ಬಿಸಿ ಇದ್ರೆ ಇನ್ನೂ ಜೋರು. ಬಾಗಿಲು ಕಿಟಕಿ ತೆಗೆದಿಟ್ಟು ಮಾಡಿ. ಮುಖ ಬಗ್ಗಿಸಬೇಡಿ. ಮುಖ್ಯವಾಗಿ ದಮ್ಮು ಇರೋರು ಹತ್ತಿರ ಇರಬಾರದು, ಕುಡಿಯಲೂಬಾರದು. ಬಾಟಲಿ ಮೇಲೆ ಅದನ್ನ ಬರೆದು ಅಂಟಿಸಿ" ಅಂದರು.

ನನಗೆ ಮೈ ಉರಿದು ಹೋಯಿತು. ಉಪ್ಪು, ಸಕ್ಕರೆ, ಸೋಡಾ, ಅಕ್ಕಿಹಿಟ್ಟು, ರಂಗೋಲಿ, ಇಷ್ಟು ಬಿಳಿ ಪುಡಿಗಳ ಜೊತೆ ಸಂಸಾರ ಮಾಡಿ ತಲೆ ಬೆಳ್ಳಗೆ ಮಾಡಿಕೊಂಡವಳಿಗೆ ಇನ್ನೊಂದು ಪುಡಿ ಏನು ಮಾಡೀತು? ಬಾಗಿಲು ತೆಗೆದಿಟ್ಟು ಜಾಡಿ ತುಂಬು ಅನ್ನುವವಳು ಉಪ್ಪಿನಕಾಯಿಯನ್ನು ಅಂಗಡಿಯಲ್ಲೇ ಕಂಡವಳು ಅಂತ ತೀರ್ಮಾನ ಮಾಡಿದೆ. ವಾಪಸು ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ, ಟ್ರೈನಿಂಗಿಗೆ ಬಂದಿದ್ದ ಶಾಗ್ಯ ಊರಿನ ಮಾದಮ್ಮ, "ಅಷ್ಟು ಹೇಳವ್ರೆ ಅಂದ್ರೆ ಏನೋ ಇರ್ಬೇಕು ಬುಡಕ್ಕ" ಅಂದಳು. "ಇದ್ರೆ ನನ್ ಮೂಗ್ಗೆ ಗೊತ್ತಾಯ್ತದೆ ಸುಮ್ನಿರಮ್ಮಿ" ಅಂದೆ. ಮನೆಗೆ ಬಂದು ಪುಡಿಯನ್ನು ಖಾಲಿ ಡಬ್ಬಿಯೊಂದಕ್ಕೆ ಸುರಿದು, ಹುಣಿಸೆಹಣ್ಣಿನ ಮಡಕೆ ಪಕ್ಕ ಇಟ್ಟೆ. ಜಾಗ ಖಾಲಿ ಇದ್ದದ್ದು ಅಲ್ಲೇ.

ಶರಬತ್ತಿನ ದಿನ ಪುಟ್ಟತಾಯಿಯನ್ನು ನಿಂಬೆಹಣ್ಣು ಹಿಂಡಲು ಕೂರಿಸಿಕೊಂಡೆ. ಹಿಂಡುವ ಕೆಲಸಕ್ಕೆ ದಮ್ಮು ಬರುವುದಿಲ್ಲ ಅಂತ ಅವಳೇ ಒಪ್ಪಿದ್ದಳು. ಮಡಿ ಅಂತ ಸೊಂಟದ ಚೀಲ ಬಿಚ್ಚಿ ನಡುಮನೆಯ ಗೂಟಕ್ಕೆ ಹಾಕಿ ಬಂದಿದ್ದಳು. ಕಿಟಕಿ ಮುಚ್ಚಿದೆ, ಚಿಲಕ ಹಾಕಿದೆ. ಹಾಕುವ ಮೊದಲು ನಮ್ಮ ಮನೆಯವರಿಗೆ, "ಆಕಾಶ ಕಳಚಿ ಬಿದ್ರೂ ಈ ಬಾಗ್ಲು ತಟ್ಟಕೂಡ್ದು" ಅಂತ ಹೇಳಿದ್ದೆ. ಪಾಕದ ಕೊಳಗ ಒಲೆಯಿಂದ ಇಳಿಸಿ, ಹೊಗೆಯಾಡುತ್ತಿರುವಾಗಲೇ ರಸ ಸುರಿದೆ. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಪುಡಿ ತೆಗೆದು ಸುತ್ತಲೂ ಉದುರಿಸಿದೆ. ಆಮೇಲೆ, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಹಾಗೆ, ಕೊಳಗದ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಮೂಗಿನ ತುಂಬ ಉಸಿರು ಎಳೆದೆ.

ನೂರು ಬೆಂಕಿಪೊಟ್ಟಣ ಒಟ್ಟಿಗೆ ಗೀರಿ ಮೂಗಿನೊಳಗೆ ತುರುಕಿದ ಹಾಗಾಯಿತು. ಹಿಂದಕ್ಕೆ ಬಿದ್ದೆ. ಕಣ್ಣು ತೆರೆಯಲು ಆಗದು, ಗಂಟಲೆಲ್ಲ ಉರಿ. ಪಕ್ಕದಲ್ಲಿ ಪುಟ್ಟತಾಯಿ ಕೆಮ್ಮುತ್ತಾ, "ಅತ್ಗೆ, ಏನಾಕ್ದಕ್ಕ ಅದ್ಕೆ" ಅಂದದ್ದು ಕೇಳಿತು. ಆಮೇಲೆ ಕೆಮ್ಮೂ ನಿಂತಿತು, ಬರೀ ಕುಂಯ್ ಕುಂಯ್ ಅನ್ನುವ ಉಸಿರು. ನಾನು, ದೇವರು ನನ್ನ ಬಾಯಿಗೆ ಬುದ್ಧಿ ಕೊಡಲಿಲ್ಲ, "ನಾಟ್ಕ ಸಾಕು ಮೇಲಕ್ಕೇಳೇ" ಅಂದೆ. ಪುಟ್ಟತಾಯಿ ಉತ್ತರ ಕೊಡದೆ ಇದ್ದದ್ದು ಅದೇ ಮೊದಲು. ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ನೋಡುತ್ತೇನೆ, ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿವೆ, ತುಟಿ ನೇರಳೆಹಣ್ಣು ತಿಂದ ಬಣ್ಣ. ಅವಳ ಪಂಪು ಬಾಗಿಲಿನ ಆಚೆ ಗೂಟದಲ್ಲಿ. ಚಿಲಕ ಕೈಗೆ ಸಿಕ್ಕುತ್ತಿಲ್ಲ. "ಬಾಗ್ಲು ಒಡೀರಿ!" ಅಂತ ಕಿರುಚಿದೆ. ಆಚೆಯಿಂದ ನಮ್ಮ ಮನೆಯವರು ನಿಧಾನವಾಗಿ, "ತಟ್ಬೇಡಿ ಅಂದಿದ್ದೆಯಲ್ಲಾ" ಅಂದರು. ಮದುವೆಯಾದ ಮೇಲೆ ಆ ಮನುಷ್ಯ ನನ್ನ ಮಾತು ಕೇಳಿದ್ದು ಒಂದೇ ಸಲ, ಅದೂ ಅವತ್ತು.

ಹೇಗೋ ಚಿಲಕ ಸಿಕ್ಕಿತು. ಇಬ್ಬರೂ ಸೇರಿ ಅವಳನ್ನು ಎಳೆದು ಬೇವಿನ ಮರದ ಕೆಳಗೆ ಗಾಳಿಗೆ ಕೂರಿಸಿದೆವು. ಗೂಟದ ಚೀಲದಿಂದ ಪಂಪು ತಂದು ಬಾಯಿಗೆ ಇಟ್ಟು ಒತ್ತಿದೆ, ಕಣ್ಣು ಸರಿಯಾಗಿ ಕಾಣದೆ ಮೊದಲನೆಯದು ಮೂಗಿಗೆ ಹೋಯಿತು. ಕೊಳ್ಳೇಗಾಲದ ಆಸ್ಪತ್ರೆ ತನಕ ಆಟೋದಲ್ಲಿ ಅವಳ ತಲೆ ನನ್ನ ಹೆಗಲ ಮೇಲೆ. ಪ್ರತಿ ಹಳ್ಳಕ್ಕೂ ಉಸಿರು ನಿಂತಿತೋ ಅಂತ ಕಿವಿ ಇಟ್ಟು ಕೇಳುತ್ತಿದ್ದೆ. ಇಷ್ಟು ವರ್ಷ ಈ ಕುಂಯ್ ಶಬ್ದ ಕೇಳಿದರೆ ತಲೆ ಸಿಡಿಯುತ್ತಿತ್ತು. ಅವತ್ತು ಅದು ಕೇಳಿಸುತ್ತಲೇ ಇರಲಿ ಮಾದಪ್ಪಾ ಅಂದುಕೊಂಡೆ.

ಡಾಕ್ಟರು ಅವಳ ಮುಖಕ್ಕೆ ಔಷಧಿಯ ಹೊಗೆ ಬರುವ ಮಾಸ್ಕು ಹಾಕಿ, "ಏನು ಹಾಕಿದ್ರಿ?" ಅಂದರು. ಹೇಳಿದೆ. "ಯಾರೂ ಹೇಳಿರಲಿಲ್ವಾ?" ಅಂದರು. "ಹೇಳಿದ್ರು ಸಾ, ನಾನೇ ಕೇಳ್ನಿಲ್ಲ" ಅಂದೆ. ಸುಳ್ಳು ಹೇಳೋಣ ಅಂದರೆ ಅಷ್ಟುದ್ದದ ಮಾತಿಗೆ ಸಾಲುವ ಸ್ವರ ಉಳಿದಿರಲಿಲ್ಲ. ಸಂಜೆಗೆ ಅವಳ ತುಟಿಗೆ ಬಣ್ಣ ಬಂತು. ಮಾಸ್ಕು ಸರಿಸಿ ಕೈಸನ್ನೆ ಮಾಡಿ ನನ್ನನ್ನು ಕರೆದಳು. ಕಿವಿ ಹತ್ತಿರ ಕೊಟ್ಟೆ. ಬಯ್ಯುತ್ತಾಳೆ, ಬಯ್ಯಲಿ ಅಂತಲೇ ಹೋದೆ. "ಅತ್ಗೆ, ಸಕ್ರೆನೂ ಜಾಸ್ತಿ ಆಗಿತ್ತು ಕಣಕ್ಕ" ಅಂದಳು. ಬದುಕಿದಳು ಅಂತ ಆಗ ನಂಬಿಕೆ ಬಂತು.

ಆ ಕೊಳಗದ ಶರಬತ್ತನ್ನು ಯಾರೂ ಮುಟ್ಟದ ಹಾಗೆ ಮಣ್ಣಿಗೆ ಸುರಿದೆವು. ಪುಡಿಯ ಡಬ್ಬಿ ಈಗ ಹುಣಿಸೆಹಣ್ಣಿನಿಂದ ದೂರ, ಬಿಗಿ ಮುಚ್ಚಳದಲ್ಲಿ, ಬೀರುವಿನ ಮೇಲೆ. ಸಂಘದ ತಕ್ಕಡಿ ಬಂದಿದೆ. ಬಾಗಿಲು ಕಿಟಕಿ ಹಾರು ಹೊಡೆದು, ಪಾಕ ತಣ್ಣಗಾದ ಮೇಲೆ, ಮಾರು ದೂರ ಮುಖ ತಿರುಗಿಸಿಕೊಂಡು ಬೆರೆಸುತ್ತೇನೆ. ಬೆರೆಸುವ ದಿನ ಪುಟ್ಟತಾಯಿ ಎದುರುಮನೆ ಜಗುಲಿಯಲ್ಲಿ. ಬಾಟಲಿಯ ಮೇಲೆ ದಮ್ಮಿನವರು ಕುಡಿಯಬಾರದು ಅಂತ ಚೀಟಿ. "ಇದ ಓದುದ್ರೆ ಯಾರಕ್ಕ ತಕತಾರೆ?" ಅಂತ ಸಂಘದವರು ಗೊಣಗಿದರು. "ಆಟೋದಲ್ಲಿ ಕೂತು ಬಾ ಒಂದ್ಸಲ, ಆಮೇಲ್ ಕೇಳು" ಅಂದೆ. ಪುಟ್ಟತಾಯಿಗೆ ಪುಡಿ ಇಲ್ಲದ ಶರಬತ್ತು ದಿನಾ ಹೊಸದಾಗಿ ಹಿಂಡಿ ಕೊಡಬೇಕು. ಅದು ನನ್ನ ದಂಡ.

ಆದರೆ ನನ್ನ ಮೂಗು ಹೋಯಿತು. ನಿಧಾನವಾಗಿ ಬರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಸಾರು ತಳ ಹಿಡಿದರೆ ನಡುಮನೆಯಿಂದ ಪುಟ್ಟತಾಯಿ ಕೂಗಿ ಹೇಳಬೇಕು. ಹೀಗಿರುವಾಗಲೇ ಮಾವಿನಕಾಯಿ ಬಂತು. ನಾಲಿಗೆಗೆ ಇಡುವ ಹಾಗಿಲ್ಲ, ಮೂಗು ಇಲ್ಲ. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದು, ಕಡೆಗೆ ಅವಳನ್ನೇ ಕರೆದೆ. ಉಪ್ಪಿನಕಾಯಿಗೆ ಈ ಪುಡಿ ಸೋಕಿಲ್ಲ ಅಂತ ಆಣೆ ಮಾಡಿಸಿಕೊಂಡು ಬಂದಳು. ಹೊಸ್ತಿಲ ಮೇಲೆ ನಿಂತು, ಮಹಾರಾಣಿಯ ಹಾಗೆ ಮೂಗು ಎತ್ತಿ, "ಇನ್ನೊಂದು ಹಿಡಿ ಉಪ್ಪಾಕು" ಅಂದಳು. ಬಯ್ದುಕೊಂಡು ಹಾಕಿದೆ.

ಮೊನ್ನೆ ಜಾಡಿ ತೆಗೆದು ಬಡಿಸಿದೆ. ನಮ್ಮ ಮನೆಯವರು ಮುದ್ದೆಯ ಜೊತೆ ಎರಡು ಸಲ ಹಾಕಿಸಿಕೊಂಡು, ಬೆರಳು ನೆಕ್ಕಿ, "ಈ ಸಲ ಉಪ್ಪು ಸರ್ಯಾಗಿ ಕೂತದೆ ಕಣೆ" ಅಂದರು.

"ಈ ಸಲ?" ಅಂದೆ. "ಹಂಗಾರೆ ಇಷ್ಟು ವರ್ಷ?"

ಅವರು ತಟ್ಟೆ ನೋಡಿದರು. ಪುಟ್ಟತಾಯಿ ಸೂರು ನೋಡಿದಳು. ನಮ್ಮ ಮನೆಯವರು ಕೈ ತೊಳೆದು, ಟವಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. ಹೋಗುವಾಗ, ಒಳಗಿನ ಮಾತು ಬೀದಿಗೆ ಕೇಳದಿರಲಿ ಅಂತಲೋ ಏನೋ, ಬಾಗಿಲು ಎಳೆದುಕೊಳ್ಳಲು ನೋಡಿದರು.

"ಬಾಗ್ಲು ತೆಗ್ದೇ ಇರ್ಲಿ!" ಅಂತ ಕೂಗಿದೆ. ಆಮೇಲೆ ಯಾರೂ ನೋಡದಿರುವಾಗ ಜಾಡಿಯಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡೆ. ಆ ಮನುಷ್ಯ ಹೇಳಿದ್ದು ನಿಜ.